ಡಿಬೇಟ್‌ಗೆ ಯಾರನ್ನು ಕರೆಯಬೇಕು ಅಂತ ಚಾನೆಲ್ ಒಂದೇ ತೀರ್ಮಾನಿಸಬಹುದಾ? ಅಮೆರಿಕದ ಚುನಾವಣಾ ಚರ್ಚೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ಬಂದಾಗಲೆಲ್ಲ ಈ ಜಗಳ ಏಳುತ್ತದೆ. ಬ್ಯಾಲಟ್‌ನಲ್ಲಿ ಐದಾರು ಹೆಸರು ಇರುತ್ತವೆ, ಟಿವಿ ವೇದಿಕೆ ಮೇಲೆ ಇಬ್ಬರೇ ನಿಂತಿರುತ್ತಾರೆ. ಉಳಿದವರನ್ನು ಬಿಟ್ಟಿದ್ದು ಯಾರು, ಯಾವ ಹಕ್ಕಿನ ಮೇಲೆ? ಇಲ್ಲಿ ಊರಲ್ಲಿ ಕೂತು ಯೂಟ್ಯೂಬ್‌ನಲ್ಲಿ ನೋಡುವವರೂ ಕೇಳುತ್ತಾರೆ, ನ್ಯೂಜೆರ್ಸಿ ಕ್ಯಾಲಿಫೋರ್ನಿಯಾ ಕಡೆ ನೆಲೆಸಿ ಈಗ ಅಲ್ಲೇ ವೋಟು ಹಾಕುವ ಕನ್ನಡಿಗರೂ ಕೇಳುತ್ತಾರೆ.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಆರಿಸುವ ಹಕ್ಕು ಚಾನೆಲ್‌ಗೇ ಇರಬೇಕು, ಸರ್ಕಾರದ ಕೈಗೆ ಹೋಗಬಾರದು. ಆದರೆ ನಿಯಮವನ್ನು ಮೊದಲೇ ಹೇಳಬೇಕು, ನಡುವೆ ಬದಲಿಸಬಾರದು. ದೊಡ್ಡ ಅಭ್ಯರ್ಥಿಗಳು ಹಾಕಿದ ಷರತ್ತನ್ನು ತನ್ನದೇ ಆಯ್ಕೆ ಅಂತ ಜನರ ಮುಂದೆ ಇಡಲೂಬಾರದು.

ಖಾಸಗಿ ಚಾನೆಲ್ ತನಗೆ ಬೇಕಾದ ಅಭ್ಯರ್ಥಿಗಳನ್ನು ಮಾತ್ರ ಕರೆಯಬಹುದಾ, ಹೌದೋ ಅಲ್ಲವೋ ಹೇಳಿ.

ಹೌದು, ಕರೆಯಬಹುದು. ಆದರೆ ಪೂರ್ತಿ ಮನಸ್ಸಿಗೆ ಬಂದ ಹಾಗೆ ಅಲ್ಲ. ಯಾರನ್ನು ಕರೆಯುತ್ತೇವೆ ಅನ್ನುವುದಕ್ಕೆ ಮೊದಲೇ ಒಂದು ಅಳತೆ ಇಟ್ಟುಕೊಂಡಿರಬೇಕು, ಒಬ್ಬ ಅಭ್ಯರ್ಥಿಯನ್ನು ಗೆಲ್ಲಿಸಲಿಕ್ಕೆ ಅಂತಲೇ ಕಾರ್ಯಕ್ರಮ ಕಟ್ಟಿರಬಾರದು. ಇಷ್ಟು ಪಾಲಿಸಿದರೆ ಹೊರಗುಳಿದ ಅಭ್ಯರ್ಥಿ ಕೋರ್ಟಿನಿಂದ ಆದೇಶ ತಂದು ವೇದಿಕೆ ಹತ್ತುವುದು ಹೆಚ್ಚುಕಡಿಮೆ ಅಸಾಧ್ಯ.

ಈ ಹಕ್ಕು ಎಲ್ಲಿಂದ ಬಂತು?

ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿಯಿಂದ. ಮಾತಿನ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ ಎರಡೂ ಅದರಲ್ಲಿವೆ. ಏನನ್ನು ಹೇಳಬೇಕು ಅನ್ನುವಷ್ಟೇ ಮುಖ್ಯವಾಗಿ ಏನನ್ನು ಬಿಡಬೇಕು ಅನ್ನುವುದೂ ಸಂಪಾದಕರ ಕೆಲಸ ಅಂತ ಅಲ್ಲಿನ ಕೋರ್ಟುಗಳು ಒಪ್ಪಿವೆ.

ಇದಕ್ಕೆ ಒಳ್ಳೆ ಉದಾಹರಣೆ ಫ್ಲೋರಿಡಾದ್ದು. 1972ರಲ್ಲಿ ಪ್ಯಾಟ್ ಟಾರ್ನಿಲೊ ಅನ್ನುವ ಶಿಕ್ಷಕರ ಸಂಘದ ಮುಖಂಡ ಅಲ್ಲಿನ ಶಾಸನಸಭೆಗೆ ನಿಂತರು. ಮಯಾಮಿ ಹೆರಾಲ್ಡ್ ಪತ್ರಿಕೆ ಅವರ ವಿರುದ್ಧ ಸಂಪಾದಕೀಯ ಬರೆಯಿತು. ಹೀಗೆ ಟೀಕೆಗೆ ಒಳಗಾದ ಅಭ್ಯರ್ಥಿಯ ಉತ್ತರವನ್ನು ಪತ್ರಿಕೆ ಪುಕ್ಕಟೆಯಾಗಿ ಅಚ್ಚು ಹಾಕಬೇಕು ಅಂತ ಫ್ಲೋರಿಡಾದಲ್ಲಿ 1913ರಿಂದ ಒಂದು ಕಾನೂನು ಇತ್ತು. ಅದನ್ನು ಹಿಡಿದು ಅವರು ಕೇಸು ಹಾಕಿದರು. 1974ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಆ ಕಾನೂನನ್ನೇ ತಳ್ಳಿಹಾಕಿತು. ಪತ್ರಿಕೆ ನ್ಯಾಯವಾಗಿ ನಡೆದುಕೊಳ್ಳಲಿ ಅಂತ ನಾವು ಬಯಸಬಹುದು, ಆದರೆ ಇದನ್ನೇ ಅಚ್ಚು ಹಾಕು ಅಂತ ಸರ್ಕಾರ ಹೇಳುವ ಹಾಗಿಲ್ಲ. ಪತ್ರಿಕೆ ನಡೆಸುವ ಚರ್ಚೆಗೂ ಇದೇ ತರ್ಕ ಅನ್ವಯಿಸುತ್ತದೆ.

ಪತ್ರಿಕೆ ಸರಿ. ಟಿವಿ ತರಂಗಗಳು ಜನರ ಆಸ್ತಿ ಅಲ್ವಾ? ಲೈಸೆನ್ಸ್ ಕೊಡುವುದೇ ಸರ್ಕಾರ ಅಲ್ವಾ?

ಒಳ್ಳೆ ಪ್ರಶ್ನೆ. ಇಡೀ ವಿಷಯದ ಗಂಟು ಇರುವುದೇ ಇಲ್ಲಿ.

ಆಂಟೆನಾದಿಂದ ಪ್ರಸಾರ ಮಾಡುವ ರೇಡಿಯೋ, ಟಿವಿ ಕೇಂದ್ರಗಳಿಗೆ 1934ರ ಸಂವಹನ ಕಾಯ್ದೆಯ 315ನೇ ಸೆಕ್ಷನ್ ಇದೆ. ಒಬ್ಬ ಅಭ್ಯರ್ಥಿಗೆ ಸಮಯ ಕೊಟ್ಟರೆ ಅದೇ ಸ್ಥಾನಕ್ಕೆ ನಿಂತ ಬೇರೆಯವರು ಕೇಳಿದಾಗ ಅವರಿಗೂ ಅಷ್ಟೇ ಅವಕಾಶ ಕೊಡಬೇಕು. ಜನ ಇದನ್ನು ಸಮಾನ ಸಮಯದ ನಿಯಮ ಅಂತಾರೆ. ಈಗಲೂ ಜಾರಿಯಲ್ಲಿದೆ. 2024ರ ನವೆಂಬರ್ 2ರಂದು ಕಮಲಾ ಹ್ಯಾರಿಸ್ ಎನ್‌ಬಿಸಿಯ ಸ್ಯಾಟರ್ಡೇ ನೈಟ್ ಲೈವ್ ಹಾಸ್ಯ ಕಾರ್ಯಕ್ರಮದಲ್ಲಿ ಒಂದೂವರೆ ನಿಮಿಷದಷ್ಟು ಕಾಣಿಸಿಕೊಂಡರು. ಮಾರನೇ ದಿನವೇ ಎನ್‌ಬಿಸಿ ಟ್ರಂಪ್‌ಗೆ ಕಾರ್ ರೇಸ್ ಪ್ರಸಾರದ ಕೊನೆಗೂ ಫುಟ್‌ಬಾಲ್ ಪಂದ್ಯದ ಹೊತ್ತಿಗೂ ಪುಕ್ಕಟೆ ಸಮಯ ಕೊಟ್ಟಿತು.

ಈ ನಿಯಮ ಅತಿಗೆ ಹೋದದ್ದೂ ಉಂಟು. 1959ರಲ್ಲಿ ಶಿಕಾಗೋ ಮೇಯರ್ ಚುನಾವಣೆ. ಮೇಯರ್ ಡೇಲಿ ಅರ್ಜೆಂಟೀನಾದ ಅಧ್ಯಕ್ಷರನ್ನು ಸ್ವಾಗತಿಸಿದ ದೃಶ್ಯ ಟಿವಿ ವಾರ್ತೆಯಲ್ಲಿ ಬಂತು. ಲಾರ್ ಡಾಲಿ ಅಂತ ಇನ್ನೊಬ್ಬ ಅಭ್ಯರ್ಥಿ ಇದ್ದ. ಅಂಕಲ್ ಸ್ಯಾಮ್ ವೇಷ ಹಾಕಿಕೊಂಡು ಪ್ರಚಾರ ಮಾಡುತ್ತಿದ್ದ ಮನುಷ್ಯ, ಯಾವ ಚುನಾವಣೆ ಬಂದರೂ ನಿಲ್ಲುತ್ತಿದ್ದ. ವಾರ್ತೆಯಲ್ಲಿ ಮೇಯರ್ ಬಂದಿದ್ದಾರೆ, ನನಗೂ ಸಮಯ ಕೊಡಿ ಅಂತ ಕೇಳಿದ. ಪ್ರಸಾರದ ಮೇಲ್ವಿಚಾರಣೆ ಮಾಡುವ ಎಫ್‌ಸಿಸಿ ಕೊಡಬೇಕು ಅಂದಿತು. ಚಾನೆಲ್‌ಗಳು ದಿಗಿಲುಬಿದ್ದವು, ಯಾಕೆಂದರೆ ಹೀಗಾದರೆ ಚುನಾವಣೆ ಹೊತ್ತಿನಲ್ಲಿ ವಾರ್ತೆ ಓದುವುದೇ ಕಷ್ಟ. ಅದೇ ವರ್ಷ ಸಂಸತ್ತು ಕಾಯ್ದೆ ತಿದ್ದಿ ನಾಲ್ಕು ವಿನಾಯಿತಿ ಕೊಟ್ಟಿತು: ವಾರ್ತೆ, ಸುದ್ದಿ ಸಂದರ್ಶನ, ಸುದ್ದಿ ಸಾಕ್ಷ್ಯಚಿತ್ರ, ಮತ್ತು ಸುದ್ದಿ ಘಟನೆಯ ಸ್ಥಳದಿಂದಲೇ ಮಾಡುವ ಪ್ರಸಾರ. ಈ ನಾಲ್ಕನೆಯದನ್ನು ನೆನಪಿಡಿ, ಚರ್ಚೆಗಳೆಲ್ಲ ಮುಂದೆ ಅದರೊಳಗೇ ಬಂದವು.

ಚರ್ಚೆ ಆ ವಿನಾಯಿತಿಯೊಳಗೆ ಬಂದದ್ದು ಹೇಗೆ?

ಹಂತಹಂತವಾಗಿ.

1960ರ ಕೆನಡಿ–ನಿಕ್ಸನ್ ಚರ್ಚೆ ಎಲ್ಲರಿಗೂ ಗೊತ್ತು. ಅದು ಸಾಧ್ಯವಾದದ್ದು ಸಂಸತ್ತು ಆ ಒಂದು ಅಧ್ಯಕ್ಷೀಯ ಚುನಾವಣೆಗೆ ಮಾತ್ರ ಸಮಾನ ಸಮಯದ ನಿಯಮವನ್ನು ಅಮಾನತಿನಲ್ಲಿ ಇಟ್ಟಿದ್ದರಿಂದ. ಇಲ್ಲದಿದ್ದರೆ ಸಣ್ಣಪುಟ್ಟ ಪಕ್ಷಗಳ ಅಭ್ಯರ್ಥಿಗಳೆಲ್ಲ ಅಷ್ಟೇ ಸಮಯ ಕೇಳಬಹುದಿತ್ತು. ಆಮೇಲೆ 1964, 1968, 1972 ಮೂರೂ ಸಲ ಅಧ್ಯಕ್ಷ ಅಭ್ಯರ್ಥಿಗಳ ನಡುವೆ ಚರ್ಚೆಯೇ ಆಗಲಿಲ್ಲ. ನಿಯಮ ಅಡ್ಡ ಇತ್ತು ಅನ್ನುವುದು ಒಂದು ಕಾರಣ. ಮುಂದಿದ್ದ ಅಭ್ಯರ್ಥಿಗಳಿಗೆ ಮನಸ್ಸಿರಲಿಲ್ಲ ಅನ್ನುವುದು ಇನ್ನೊಂದು.

1975ರಲ್ಲಿ ಎಫ್‌ಸಿಸಿ ಒಂದು ದಾರಿ ತೋರಿಸಿತು. ಚರ್ಚೆಯನ್ನು ಚಾನೆಲ್ ನಡೆಸದೆ ಬೇರೆ ಸಂಸ್ಥೆ ನಡೆಸಿದರೆ ಅದು ಸುದ್ದಿ ಘಟನೆ, ಚಾನೆಲ್ ಹೋಗಿ ಅದನ್ನು ವರದಿ ಮಾಡಿದಂತೆ. ಹಾಗಾಗಿ 1976ರಲ್ಲಿ ಲೀಗ್ ಆಫ್ ವಿಮೆನ್ ವೋಟರ್ಸ್ ಅನ್ನುವ ಸಂಘಟನೆ ಫೋರ್ಡ್ ಮತ್ತು ಕಾರ್ಟರ್ ನಡುವೆ ಚರ್ಚೆ ಏರ್ಪಡಿಸಿತು. ಮೊದಲನೆಯದು ಸೆಪ್ಟೆಂಬರ್ 23ರಂದು ಫಿಲಡೆಲ್ಫಿಯಾದ ವಾಲ್‌ನಟ್ ಸ್ಟ್ರೀಟ್ ಥಿಯೇಟರ್‌ನಲ್ಲಿ ನಡೆಯಿತು. ಕೊನೆಗೆ ಬಂದಾಗ ಟಿವಿಯ ಧ್ವನಿ ಕೆಟ್ಟುಹೋಯಿತು. 27 ನಿಮಿಷ ಧ್ವನಿ ಇಲ್ಲ. ಅಧ್ಯಕ್ಷರೂ ಅವರ ಎದುರಾಳಿಯೂ ತಮ್ಮ ತಮ್ಮ ಪೀಠದ ಹಿಂದೆ ಹಾಗೇ ನಿಂತಿದ್ದರು. ದೇಶ ಪೂರ್ತಿ ನೋಡುತ್ತಿತ್ತು. ಟಿವಿಯವರು ಅಲ್ಲಿ ಹೆಸರಿಗೆ ಬರೀ ವರದಿಗಾರರು, ಆದರೆ ಅವರ ಧ್ವನಿ ಹೋದರೆ ಕಾರ್ಯಕ್ರಮವೇ ನಿಂತುಹೋಗುತ್ತದೆ ಅನ್ನುವುದು ಆ 27 ನಿಮಿಷದಲ್ಲಿ ಎಲ್ಲರಿಗೂ ಕಂಡಿತು.

ಕೊನೆಗೆ 1983ರಲ್ಲಿ ಎಫ್‌ಸಿಸಿ ಈ ಸುತ್ತುಬಳಸು ಬೇಡ, ಚಾನೆಲ್‌ಗಳೇ ಚರ್ಚೆ ನಡೆಸಬಹುದು ಅಂದಿತು. ಸಮಾನ ಸಮಯದ ಹೊರೆ ಇಲ್ಲ, ಯಾರನ್ನು ಕರೆಯಬೇಕು ಅನ್ನುವುದು ಸುದ್ದಿ ವಿಭಾಗದ ತೀರ್ಮಾನ. ಈಗಿನ ಡಿಬೇಟ್‌ಗಳೆಲ್ಲ ನಿಂತಿರುವುದು ಇದರ ಮೇಲೆ.

ಹೊರಗುಳಿದವರು ಕೋರ್ಟಿಗೆ ಹೋಗಿ ಗೆದ್ದಿದ್ದಾರಾ?

ಒಂದು ದಿನದ ಮಟ್ಟಿಗೆ ಗೆದ್ದವರಿದ್ದಾರೆ.

1984ರಲ್ಲಿ ಸಿಟಿಜನ್ಸ್ ಪಾರ್ಟಿಯಿಂದ ಸೋನಿಯಾ ಜಾನ್ಸನ್ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದರು. ರೇಗನ್–ಮಾಂಡೇಲ್ ಚರ್ಚೆಗೆ ಅವರನ್ನು ಕರೆಯಲಿಲ್ಲ. ಜನರಿಗೆ ಎಲ್ಲ ಅಭ್ಯರ್ಥಿಗಳನ್ನೂ ಕೇಳುವ ಹಕ್ಕಿದೆ ಅಂತ ಅವರು ವಾದಿಸಿದರು. ಆ ಹಕ್ಕಿನಿಂದ ಒಂದು ನಿರ್ದಿಷ್ಟ ಕಾರ್ಯಕ್ರಮದಲ್ಲಿ ಜಾಗ ಸಿಗಬೇಕು ಅಂತ ಆಗುವುದಿಲ್ಲ ಅಂತ ವಾಷಿಂಗ್ಟನ್‌ನ ಮೇಲ್ಮನವಿ ಕೋರ್ಟು 1987ರಲ್ಲಿ ಹೇಳಿತು.

ಇನ್ನೊಂದು 2008ರ ನೆವಾಡಾದ್ದು. ಇದು ನನಗೆ ಇವತ್ತಿಗೂ ಸರಿ ಅನಿಸಿಲ್ಲ. ಜನವರಿ 15ರಂದು ಲಾಸ್ ವೇಗಸ್‌ನಲ್ಲಿ ಎಂಎಸ್‌ಎನ್‌ಬಿಸಿಯ ಡೆಮಾಕ್ರಟಿಕ್ ಪ್ರೈಮರಿ (ಪಕ್ಷದೊಳಗೇ ಅಭ್ಯರ್ಥಿಯನ್ನು ಆರಿಸುವ ಚುನಾವಣೆ) ಚರ್ಚೆ ಇತ್ತು. ಸಮೀಕ್ಷೆಯಲ್ಲಿ ಮೊದಲ ನಾಲ್ಕು ಸ್ಥಾನದಲ್ಲಿ ಇರುವವರನ್ನು ಕರೆಯುತ್ತೇವೆ ಅಂತ ನಿಯಮ. ಬಿಲ್ ರಿಚರ್ಡ್‌ಸನ್ ಕಣದಿಂದ ಹಿಂದೆ ಸರಿದರು, ಹಾಗಾಗಿ ಡೆನ್ನಿಸ್ ಕುಸಿನಿಚ್ ನಾಲ್ಕನೆಯವರಾದರು. ಆಹ್ವಾನ ಬಂತು. ಎರಡು ದಿನ ಕಳೆಯುವ ಮೊದಲೇ ಆಹ್ವಾನ ವಾಪಸ್, ಈಗ ಮೊದಲ ಮೂರು ಸ್ಥಾನದವರಿಗೆ ಮಾತ್ರ ಅಂದರು. ಕುಸಿನಿಚ್ ಕೋರ್ಟಿಗೆ ಹೋದರು. ಅವರನ್ನು ಸೇರಿಸಿಕೊಳ್ಳಿ, ಇಲ್ಲದಿದ್ದರೆ ಚರ್ಚೆ ನಡೆಸಬೇಡಿ ಅಂತ ಅಲ್ಲಿನ ಜಿಲ್ಲಾ ನ್ಯಾಯಾಧೀಶರು ಹೇಳಿದರು. ಮಾರನೇ ದಿನ ಚರ್ಚೆಗೆ ಸುಮಾರು ಒಂದು ಗಂಟೆ ಇರುವಾಗ ನೆವಾಡಾ ಸುಪ್ರೀಂ ಕೋರ್ಟ್ ಆ ಆದೇಶವನ್ನು ತೆಗೆದುಹಾಕಿತು. ಕ್ಲಿಂಟನ್, ಒಬಾಮ, ಎಡ್ವರ್ಡ್ಸ್ ಮೂವರೇ ಕೂತು ಮಾತಾಡಿದರು.

ಕೋರ್ಟ್ ಹೇಳಿದ್ದು ಕಾನೂನಿನ ಪ್ರಕಾರ ಸರಿ. ಪ್ರಸಾರಕ್ಕೆ ಮುಂಚೆಯೇ ಒಬ್ಬ ನ್ಯಾಯಾಧೀಶ ಇವರಿಲ್ಲದೆ ಮಾತಾಡಬೇಡಿ ಅನ್ನುವುದು ಅಪಾಯದ ದಾರಿ, ಇವತ್ತು ಒಳ್ಳೆಯವರ ಪರ ಬಂದದ್ದು ನಾಳೆ ಯಾರ ಪರವೂ ಬರಬಹುದು. ಆದರೆ ಚಾನೆಲ್ ಮಾಡಿದ್ದು ತಪ್ಪು. ಅಳತೆಗೆ ಸರಿಯಾಗಿ ಬಂದ ಮನುಷ್ಯನನ್ನು ಕರೆದು, ಅವನು ಬಂದ ಅಂತಲೇ ಅಳತೆ ಬದಲಿಸುವುದನ್ನು ಸಂಪಾದಕೀಯ ವಿವೇಚನೆ ಅಂತ ಕರೆಯಲಿಕ್ಕೆ ನನ್ನಿಂದ ಆಗುವುದಿಲ್ಲ. ಹಕ್ಕು ಇದೆ ಅನ್ನುವುದು ಬೇರೆ, ಅದನ್ನು ಸರಿಯಾಗಿ ಬಳಸಿದರು ಅನ್ನುವುದು ಬೇರೆ.

ಸರ್ಕಾರದ ದುಡ್ಡಿನ ಚಾನೆಲ್ ಆದರೆ?

ಅದರದ್ದು ಬೇರೆ ಕಥೆ, ಯಾಕೆಂದರೆ ಅಲ್ಲಿ ಆರಿಸುವವರು ಸರ್ಕಾರಿ ನೌಕರರು. ಮೊದಲ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರವನ್ನು.

ಅರ್ಕನ್ಸಾಸ್ ರಾಜ್ಯದ ಸಾರ್ವಜನಿಕ ಟಿವಿ 1992ರ ಅಕ್ಟೋಬರ್‌ನಲ್ಲಿ ಮೂರನೇ ಕ್ಷೇತ್ರದ ಸಂಸತ್ ಚುನಾವಣೆಗೆ ಚರ್ಚೆ ಇಟ್ಟಿತು. ಎರಡು ದೊಡ್ಡ ಪಕ್ಷದವರನ್ನು ಮಾತ್ರ ಕರೆಯಿತು. ರಾಲ್ಫ್ ಫೋರ್ಬ್ಸ್ ಪಕ್ಷೇತರ. ಬೇಕಾದಷ್ಟು ಸಹಿ ತಂದು ಬ್ಯಾಲಟ್‌ನಲ್ಲಿ ಹೆಸರು ಹಾಕಿಸಿದ್ದರು. ಕೇಳಿದರು, ಆಗುವುದಿಲ್ಲ ಅಂದರು. ಕೇಸು ಆರು ವರ್ಷ ನಡೆಯಿತು. 1998ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ 6–3ರಿಂದ ಚಾನೆಲ್ ಪರ ನಿಂತಿತು. ಅಭ್ಯರ್ಥಿಯ ಅಭಿಪ್ರಾಯ ಇಷ್ಟವಿಲ್ಲ ಅಂತ ಹೊರಗಿಟ್ಟಿದ್ದರೆ ತಪ್ಪು, ಜನಬೆಂಬಲ ಕಡಿಮೆ ಅಂತ ಹೊರಗಿಟ್ಟಿದ್ದರೆ ತಪ್ಪಲ್ಲ ಅಂತ ನ್ಯಾಯಮೂರ್ತಿ ಆಂಟನಿ ಕೆನಡಿ ಬರೆದರು.

ನ್ಯಾಯಮೂರ್ತಿ ಸ್ಟೀವನ್ಸ್ ಬರೆದ ಭಿನ್ನ ತೀರ್ಪನ್ನು ಓದಬೇಕು. ಫೋರ್ಬ್ಸ್ ಏನೂ ಗೊತ್ತಿಲ್ಲದವರಲ್ಲ. 1990ರಲ್ಲಿ ಲೆಫ್ಟಿನೆಂಟ್ ಗವರ್ನರ್ ಸ್ಥಾನದ ರಿಪಬ್ಲಿಕನ್ ಪ್ರೈಮರಿಯಲ್ಲಿ ರಾಜ್ಯದಾದ್ಯಂತ ಶೇ 46.88 ಮತ ಪಡೆದಿದ್ದವರು, ಈ ಕ್ಷೇತ್ರದ 16 ಕೌಂಟಿಗಳಲ್ಲಿ (ನಮ್ಮ ಜಿಲ್ಲೆಯ ಹಾಗೆ) 15ರಲ್ಲಿ ಮುಂದಿದ್ದವರು. 1992ರ ಚುನಾವಣೆಯಲ್ಲಿ ಗೆದ್ದ ರಿಪಬ್ಲಿಕನ್‌ಗೆ ಬಂದದ್ದು ಶೇ 50.22, ಸೋತ ಡೆಮಾಕ್ರಟ್‌ಗೆ ಶೇ 47.20. ಇಷ್ಟು ಕಡಿಮೆ ಅಂತರದಲ್ಲಿ ಮೂರನೆಯವನು ಒಂದು ಗಂಟೆ ಮಾತಾಡಿದ್ದರೆ ಫಲಿತಾಂಶವೇ ಬದಲಾಗಬಹುದಿತ್ತು. ಸ್ಟೀವನ್ಸ್ ಅವರ ಆಕ್ಷೇಪ ಎಲ್ಲರನ್ನೂ ಕರೆಯಲಿಲ್ಲ ಅಂತ ಅಲ್ಲ. ಸರ್ಕಾರಿ ಸಿಬ್ಬಂದಿ ಮೊದಲೇ ಬರೆದಿಟ್ಟ ಅಳತೆ ಒಂದೂ ಇಲ್ಲದೆ, ಇವರು ಗೆಲ್ಲುವವರಲ್ಲ ಅಂತ ತಾವೇ ತೀರ್ಮಾನಿಸಿದ್ದು ಅವರಿಗೆ ಸರಿ ಕಾಣಲಿಲ್ಲ. ಈ ಮಟ್ಟಿಗೆ ನಾನು ಸ್ಟೀವನ್ಸ್ ಪರ. ಖಾಸಗಿಯವರಿಗೆ ಇರುವ ಸಲಿಗೆ ಸರ್ಕಾರಿ ನೌಕರರಿಗೆ ಇರಬಾರದು.

ಎಲ್ಲರನ್ನೂ ಕರೆದುಬಿಟ್ಟರೆ ಏನು ತೊಂದರೆ?

ಸಮಯ ಹಂಚಿಹೋಗುತ್ತದೆ. 1988, 1992, 1996 ಮೂರು ಚುನಾವಣೆಗಳಲ್ಲೂ ಒಂದಾದರೂ ರಾಜ್ಯದ ಬ್ಯಾಲಟ್‌ನಲ್ಲಿ ಹೆಸರಿದ್ದ ಅಧ್ಯಕ್ಷ ಅಭ್ಯರ್ಥಿಗಳು 22ಕ್ಕೆ ಕಡಿಮೆ ಇರಲಿಲ್ಲ ಅಂತ ಫೋರ್ಬ್ಸ್ ತೀರ್ಪಿನಲ್ಲೇ ಇದೆ. 90 ನಿಮಿಷವನ್ನು 22 ಜನಕ್ಕೆ ಹಂಚಿದರೆ ತಲೆಗೆ ನಾಲ್ಕು ನಿಮಿಷ. ಅದರಲ್ಲಿ ಯಾರೂ ಯಾರನ್ನೂ ಎದುರು ಪ್ರಶ್ನೆ ಕೇಳಲಿಕ್ಕೆ ಆಗುವುದಿಲ್ಲ, ಸುಮ್ನೆ ಒಬ್ಬರಾದ ಮೇಲೆ ಒಬ್ಬರ ಭಾಷಣ ಆಗುತ್ತದೆ.

ಇನ್ನೊಂದು ತೊಂದರೆ ಇದಕ್ಕಿಂತ ಜಾಸ್ತಿ. ಎಲ್ಲರನ್ನೂ ಕರೆಯಲೇಬೇಕು ಅಂದರೆ ಚಾನೆಲ್ ಚರ್ಚೆಯನ್ನೇ ಕೈಬಿಡುತ್ತದೆ. ಕೆಳಗಿನ ಕೋರ್ಟು ಫೋರ್ಬ್ಸ್ ಪರ ತೀರ್ಪು ಕೊಟ್ಟಾಗ ನೆಬ್ರಾಸ್ಕಾದ ಸಾರ್ವಜನಿಕ ಟಿವಿ 1996ರ ಸೆನೆಟ್ ಚರ್ಚೆಯನ್ನು ರದ್ದು ಮಾಡಿತು. ಮೂರನೆಯವನಿಗೆ ಜಾಗ ಸಿಗಲಿಲ್ಲ, ಮತದಾರನಿಗೆ ಇದ್ದ ಚರ್ಚೆಯೂ ಹೋಯಿತು.

ಶೇ 15 ಅನ್ನುವ ಲೆಕ್ಕ ಎಲ್ಲಿಂದ ಬಂತು?

1980ರಲ್ಲಿ ಲೀಗ್ ಆಫ್ ವಿಮೆನ್ ವೋಟರ್ಸ್ ಇದನ್ನು ಬಳಸಿತು. 1987ರಲ್ಲಿ ಎರಡೂ ದೊಡ್ಡ ಪಕ್ಷಗಳ ಮುಖಂಡರು ಸೇರಿ ಅಧ್ಯಕ್ಷೀಯ ಚರ್ಚೆಗಳ ಆಯೋಗ ಕಟ್ಟಿದರು. ಹೆಸರಿನಲ್ಲಿ ಆಯೋಗ ಅಂತ ಇದೆಯೇ ಹೊರತು ಅದು ಸರ್ಕಾರಿ ಸಂಸ್ಥೆ ಅಲ್ಲ, ಖಾಸಗಿ. 2000ದಿಂದ ಅದು ಐದು ರಾಷ್ಟ್ರಮಟ್ಟದ ಸಮೀಕ್ಷೆಗಳ ಸರಾಸರಿ ಶೇ 15 ಇರಬೇಕು ಅಂತ ನಿಯಮ ಮಾಡಿತು. ಚಾನೆಲ್‌ಗಳೂ ಅದನ್ನೇ ಎತ್ತಿಕೊಂಡವು.

ನನ್ನ ಪ್ರಕಾರ ಇದು ತುಂಬ ಎತ್ತರದ ಗೆರೆ. ಎರಡು ಚುನಾವಣೆ ನೋಡಿ ಸಾಕು. 1992ರಲ್ಲಿ ಪಕ್ಷೇತರರಾಗಿ ಅಧ್ಯಕ್ಷ ಸ್ಥಾನಕ್ಕೆ ನಿಂತ ರಾಸ್ ಪೆರೊ ಚರ್ಚೆಗೆ ಮುಂಚಿನ ಸಮೀಕ್ಷೆಗಳಲ್ಲಿ ಶೇ 10ಕ್ಕಿಂತ ಕೆಳಗಿದ್ದರು. ಆಗ ಶೇ 15ರ ನಿಯಮ ಇರಲಿಲ್ಲ, ಅವರನ್ನು ಕರೆದರು, ಕೊನೆಗೆ ಶೇ 18.9 ಮತ ಪಡೆದರು. 1998ರಲ್ಲಿ ಮಿನೆಸೋಟಾದಲ್ಲಿ ಜೆಸ್ಸಿ ವೆಂಚುರಾ, ಹಿಂದೆ ಕುಸ್ತಿ ಅಖಾಡದಲ್ಲಿದ್ದ ಮನುಷ್ಯ, ಗವರ್ನರ್ ಸ್ಥಾನಕ್ಕೆ ನಿಂತಾಗ ಸುಮಾರು ಶೇ 10ರಲ್ಲಿದ್ದರು. ಚರ್ಚೆಗಳಿಗೆ ಕರೆದರು. ಶೇ 37 ಮತ ಪಡೆದು ಗೆದ್ದೇಬಿಟ್ಟರು. ಶೇ 15ರ ಗೆರೆ ಇದ್ದಿದ್ದರೆ ಇಬ್ಬರೂ ಮನೆಯಲ್ಲಿ ಕೂತು ಟಿವಿ ನೋಡಬೇಕಿತ್ತು. ಜನರಿಗೆ ಪರಿಚಯ ಆಗಬೇಕಾದರೆ ಚರ್ಚೆ ಬೇಕು, ಚರ್ಚೆಗೆ ಬರಬೇಕಾದರೆ ಮೊದಲೇ ಪರಿಚಯ ಇರಬೇಕು ಅಂದರೆ ಹೊಸಬ ಹೋಗುವುದಾದರೂ ಎಲ್ಲಿಗೆ? ಮೊದಲ ಚರ್ಚೆಗೆ ಶೇ 5, ಆಮೇಲಿನವಕ್ಕೆ ಶೇ 10 ಅಂತ ಏರಿಸಿಕೊಂಡು ಹೋದರೆ ಸಾಕು ಅನ್ನುವುದು ನನ್ನ ಅಭಿಪ್ರಾಯ.

2024ರಲ್ಲಿ ಪಕ್ಷೇತರ ಅಭ್ಯರ್ಥಿ ರಾಬರ್ಟ್ ಕೆನಡಿ ಜೂನಿಯರ್ ಅವರನ್ನು ಸಿಎನ್‌ಎನ್ ಬಿಟ್ಟಿದ್ದು ಸರೀನಾ?

ಆ ವರ್ಷ ಬೈಡನ್ ಮತ್ತು ಟ್ರಂಪ್ ಇಬ್ಬರೂ ಆಯೋಗವನ್ನು ಪಕ್ಕಕ್ಕಿಟ್ಟು ನೇರವಾಗಿ ಚಾನೆಲ್‌ಗಳ ಜೊತೆ ಮಾತಾಡಿಕೊಂಡರು. ಜೂನ್ 27ರಂದು ಅಟ್ಲಾಂಟಾದ ಸಿಎನ್‌ಎನ್ ಸ್ಟುಡಿಯೋದಲ್ಲಿ, ಪ್ರೇಕ್ಷಕರಿಲ್ಲದೆ, ಒಬ್ಬರು ಮಾತಾಡುವಾಗ ಇನ್ನೊಬ್ಬರ ಮೈಕ್ ಬಂದ್ ಮಾಡಿ ಚರ್ಚೆ ನಡೆಯಿತು. ಸಿಎನ್‌ಎನ್ ಹಾಕಿದ ಅಳತೆ ಎರಡು. ನಾಲ್ಕು ರಾಷ್ಟ್ರಮಟ್ಟದ ಸಮೀಕ್ಷೆಗಳಲ್ಲಿ ಕನಿಷ್ಠ ಶೇ 15 ಇರಬೇಕು. ಅಧ್ಯಕ್ಷರನ್ನು ಆರಿಸಲು ರಾಜ್ಯಗಳಿಗೆ ಹಂಚಿರುವ ಎಲೆಕ್ಟೋರಲ್ ಮತಗಳಲ್ಲಿ ಗೆಲ್ಲಲು ಬೇಕಾದ 270 ಆಗುವಷ್ಟು ರಾಜ್ಯಗಳ ಬ್ಯಾಲಟ್‌ನಲ್ಲಿ ಹೆಸರು ಇರಬೇಕು. ಕೆನಡಿ ಎರಡರಲ್ಲೂ ತಲುಪಲಿಲ್ಲ ಅಂತ ಸಿಎನ್‌ಎನ್ ಹೇಳಿತು.

ಕೆನಡಿ ಕಡೆಯವರ ವಾದದಲ್ಲಿ ಒಂದು ಗಟ್ಟಿ ಅಂಶ ಇತ್ತು. ಜೂನ್‌ನಲ್ಲಿ ಬೈಡನ್, ಟ್ರಂಪ್ ಇಬ್ಬರನ್ನೂ ಅವರವರ ಪಕ್ಷಗಳು ಇನ್ನೂ ಅಧಿಕೃತವಾಗಿ ಅಭ್ಯರ್ಥಿ ಅಂತ ಘೋಷಿಸಿರಲಿಲ್ಲ, ಹಾಗಾಗಿ ಅವರ ಹೆಸರೂ ಯಾವ ಬ್ಯಾಲಟ್‌ನಲ್ಲೂ ಆಗಿನ್ನೂ ಇರಲಿಲ್ಲ. ಸಂಭಾವ್ಯ ಅಭ್ಯರ್ಥಿಗಳಾದ್ದರಿಂದ ಅವರ ಹೆಸರು ಬಂದೇ ಬರುತ್ತದೆ ಅನ್ನುವುದು ಸಿಎನ್‌ಎನ್ ಉತ್ತರ. ವಾಸ್ತವದಲ್ಲಿ ಅದು ನಿಜ. ಆದರೆ ಪಕ್ಷೇತರ ಒಂದೊಂದು ರಾಜ್ಯದಲ್ಲೂ ಬೀದಿಬೀದಿ ಅಲೆದು ಸಹಿ ಕೂಡಿಸಬೇಕು, ದೊಡ್ಡ ಪಕ್ಷದವರಿಗೆ ಆ ಕಷ್ಟವೇ ಇಲ್ಲ. ಒಂದೇ ಅಳತೆ ಇಬ್ಬರಿಗೂ ಒಂದೇ ಭಾರ ಅಲ್ಲ. ಕೆನಡಿ ಎಫ್‌ಇಸಿಗೆ, ಅಂದರೆ ಅಲ್ಲಿನ ಫೆಡರಲ್ ಚುನಾವಣಾ ಆಯೋಗಕ್ಕೆ ದೂರು ಕೊಟ್ಟರು. ಚರ್ಚೆ ನಡೆಯುವ ಹೊತ್ತಿಗೇ ಲಾಸ್ ಏಂಜಲಿಸ್‌ನಲ್ಲಿ ತಮ್ಮದೇ ವೇದಿಕೆ ಹಾಕಿ, ಅದೇ ಪ್ರಶ್ನೆಗಳಿಗೆ ಉತ್ತರಿಸಿ ಎಕ್ಸ್‌ನಲ್ಲಿ ಬಿಟ್ಟರು.

ನನ್ನ ಉತ್ತರ: ಗೆರೆ ತುಂಬ ಮೇಲಿತ್ತು, ಆದರೆ ಮೇ ತಿಂಗಳಲ್ಲೇ ಬಹಿರಂಗವಾಗಿ ಹೇಳಿದ್ದರು, ನಡುವೆ ಬದಲಿಸಲಿಲ್ಲ. 2008ರ ನೆವಾಡಾಕ್ಕಿಂತ ಎಷ್ಟೋ ವಾಸಿ.

ಎಫ್‌ಇಸಿ ಇದರಲ್ಲಿ ಯಾಕೆ ಬರುತ್ತದೆ?

ದುಡ್ಡಿನ ವಿಷಯಕ್ಕೆ. ಅಮೆರಿಕದಲ್ಲಿ ಕಂಪನಿಗಳು ಫೆಡರಲ್ ಅಭ್ಯರ್ಥಿಗೆ ನೇರವಾಗಿ ದೇಣಿಗೆ ಕೊಡುವಂತಿಲ್ಲ. ಇಬ್ಬರಿಗೆ ಮಾತ್ರ 90 ನಿಮಿಷದ ಪ್ರಸಾರ ಅಂದರೆ ಅದೂ ಒಂಥರಾ ದೇಣಿಗೆಯೇ ಅಲ್ವಾ? ಅದು ದೇಣಿಗೆ ಆಗದಿರಬೇಕಾದರೆ ಮೂರು ಷರತ್ತು ಇವೆ. ಕನಿಷ್ಠ ಇಬ್ಬರು ಅಭ್ಯರ್ಥಿಗಳು ಇರಬೇಕು. ಒಬ್ಬರನ್ನು ಮೇಲೆತ್ತುವ ಹಾಗೆ ಚರ್ಚೆಯನ್ನು ಹೆಣೆದಿರಬಾರದು. ಆಯ್ಕೆಗೆ ಮೊದಲೇ ನಿಗದಿಯಾದ ವಸ್ತುನಿಷ್ಠ ಅಳತೆ ಇರಬೇಕು. ಸಾರ್ವತ್ರಿಕ ಚುನಾವಣೆಯಲ್ಲಿ ಇಂಥ ಪಕ್ಷದ ಅಭ್ಯರ್ಥಿ ಅನ್ನುವುದೊಂದನ್ನೇ ಅಳತೆ ಮಾಡಿಕೊಳ್ಳುವಂತಿಲ್ಲ.

ಕಾಗದದ ಮೇಲೆ ಚೆನ್ನಾಗಿದೆ. ಆದರೆ ಆ ಆಯೋಗದಲ್ಲಿ ಆರು ಸದಸ್ಯ ಸ್ಥಾನಗಳು, ಒಂದೇ ಪಕ್ಷದವರು ಮೂವರಿಗಿಂತ ಹೆಚ್ಚು ಇರುವಂತಿಲ್ಲ, ಮುಖ್ಯ ತೀರ್ಮಾನಕ್ಕೆ ನಾಲ್ಕು ಮತ ಬೇಕು. ಎರಡು ದೊಡ್ಡ ಪಕ್ಷದವರೇ ತುಂಬಿರುವ ಕಡೆ ಮೂರನೆಯವನ ದೂರಿಗೆ ನಾಲ್ಕು ಮತ ಬೀಳುವುದು ಕಷ್ಟ. ಬಿದ್ದರೂ ಅಷ್ಟು ಹೊತ್ತಿಗೆ ಚುನಾವಣೆ ಮುಗಿದಿರುತ್ತದೆ.

ನಿಜವಾಗಿ ಬಾಗಿಲು ಹಾಕುವವರು ಚಾನೆಲ್‌ನವರಾ, ದೊಡ್ಡ ಅಭ್ಯರ್ಥಿಗಳಾ?

ಬಹಳ ಸಲ ಅಭ್ಯರ್ಥಿಗಳೇ. ಇದನ್ನು ಜನ ಮರೆತುಬಿಡುತ್ತಾರೆ.

1980ರಲ್ಲಿ ಪಕ್ಷೇತರ ಜಾನ್ ಆಂಡರ್‌ಸನ್ ಶೇ 15ರ ಗೆರೆ ದಾಟಿದ್ದರು. ಲೀಗ್ ಕರೆಯಿತು. ಅವರು ಇದ್ದರೆ ನಾನು ಬರುವುದಿಲ್ಲ ಅಂದರು ಅಧ್ಯಕ್ಷ ಕಾರ್ಟರ್. ಸೆಪ್ಟೆಂಬರ್ 21ರಂದು ಬಾಲ್ಟಿಮೋರ್‌ನಲ್ಲಿ ರೇಗನ್ ಮತ್ತು ಆಂಡರ್‌ಸನ್ ಇಬ್ಬರೇ ಚರ್ಚಿಸಿದರು. ಆಮೇಲೆ ಸಮೀಕ್ಷೆಯಲ್ಲಿ ಆಂಡರ್‌ಸನ್ ಕೆಳಗಿಳಿದರು, ಅಕ್ಟೋಬರ್ 28ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ಕಾರ್ಟರ್–ರೇಗನ್ ಮುಖಾಮುಖಿ ಆಯಿತು.

ಆ ರಾತ್ರಿ ಇನ್ನೊಂದು ನಡೆಯಿತು. ಸಿಎನ್‌ಎನ್ ಆಗ ಹುಟ್ಟಿ ಐದು ತಿಂಗಳೂ ಆಗಿರಲಿಲ್ಲ. ಅವರು ಆಂಡರ್‌ಸನ್‌ರನ್ನು ವಾಷಿಂಗ್ಟನ್‌ನ ಕಾನ್ಸ್ಟಿಟ್ಯೂಷನ್ ಹಾಲ್‌ನಲ್ಲಿ ನಿಲ್ಲಿಸಿದರು. ಕ್ಲೀವ್‌ಲ್ಯಾಂಡ್‌ನಲ್ಲಿ ಕೇಳಿದ ಪ್ರಶ್ನೆಗಳನ್ನು ಪತ್ರಕರ್ತ ಡೇನಿಯಲ್ ಶೋರ್ ಇಲ್ಲಿ ಆಂಡರ್‌ಸನ್‌ಗೆ ಓದಿಹೇಳಿದರು. ಅಲ್ಲಿನ ಚರ್ಚೆಯನ್ನು ಟೇಪ್ ಮಾಡಿಕೊಂಡು, ತುಸು ತಡವಾಗಿ, ಕಾರ್ಟರ್ ಮತ್ತು ರೇಗನ್ ಉತ್ತರಗಳ ನಡುವೆ ಆಂಡರ್‌ಸನ್ ಉತ್ತರವನ್ನೂ ಸೇರಿಸಿ ಪ್ರಸಾರ ಮಾಡಿದರು. ತಾಂತ್ರಿಕವಾಗಿ ಎಡವಟ್ಟು ಆಯಿತು, ನೋಡಿದವರೂ ಕಡಿಮೆ. ಆದರೂ ನನಗೆ ಇದು ತುಂಬ ಇಷ್ಟ. ಆರಿಸುವ ಹಕ್ಕು ಅಂದಕೂಡಲೇ ನಾವು ಹೊರಗಿಡುವ ಹಕ್ಕು ಅಂತಲೇ ತಿಳಿಯುತ್ತೇವೆ. ಬೇರೆಯವರು ಹೊರಗಿಟ್ಟವರನ್ನು ಒಳಗೆ ತರುವ ಹಕ್ಕೂ ಅದೇ. ಸರ್ಕಾರ ಪಟ್ಟಿ ಮಾಡಿಕೊಡುವ ವ್ಯವಸ್ಥೆಯಲ್ಲಿ ಈ ಸಾಹಸಕ್ಕೆ ಜಾಗವೇ ಇರುತ್ತಿರಲಿಲ್ಲ.

1988ರಲ್ಲಿ ಬುಷ್ ಮತ್ತು ಡುಕಾಕಿಸ್ ತಂಡಗಳು ಒಳಗೊಳಗೇ ಒಪ್ಪಂದ ಮಾಡಿಕೊಂಡು, ಪ್ರಶ್ನೆ ಕೇಳುವವರು ಯಾರು, ಸಭೆಯಲ್ಲಿ ಯಾರು ಕೂರಬೇಕು ಅನ್ನುವುದರ ತನಕ ಷರತ್ತು ಹಾಕಿದಾಗ ಲೀಗ್ ಇದು ಮತದಾರರಿಗೆ ಮಾಡುವ ಮೋಸ ಅಂತ ಹೇಳಿ ಹೊರನಡೆಯಿತು. ಚಾನೆಲ್‌ಗಳಿಗೂ ಅಷ್ಟು ಗಟ್ಟಿತನ ಬೇಕು.

ಪ್ರೈಮರಿಗಳಲ್ಲಿ ಹತ್ತು ಹದಿನೈದು ಜನ ಇರುತ್ತಾರಲ್ಲ, ಆಗ?

2015ರ ಆಗಸ್ಟ್ 6ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ಫಾಕ್ಸ್ ನ್ಯೂಸ್ 17 ರಿಪಬ್ಲಿಕನ್ನರನ್ನು ಎರಡು ಪಾಲು ಮಾಡಿತು. ಸಮೀಕ್ಷೆಯಲ್ಲಿ ಮೇಲಿದ್ದ 10 ಜನ ರಾತ್ರಿ 9ಕ್ಕೆ, ಉಳಿದ 7 ಜನ ಸಂಜೆ 5ಕ್ಕೆ, ಖಾಲಿ ಕುರ್ಚಿಗಳ ಮುಂದೆ. ಸಂಜೆಯ ಗುಂಪಿನಲ್ಲಿ ಕಾರ್ಲಿ ಫಿಯೊರಿನಾ ಚೆನ್ನಾಗಿ ಮಾತಾಡಿ ಮೇಲೆ ಬಂದರು. ಆದರೆ ಸಿಎನ್‌ಎನ್‌ನ ಮುಂದಿನ ಚರ್ಚೆಯ ಲೆಕ್ಕದಲ್ಲಿ ಹಳೇ ಸಮೀಕ್ಷೆಗಳೂ ಸೇರಿದ್ದರಿಂದ ಹೊರಗುಳಿಯುವ ಹಾಗಿತ್ತು, ಆಗ ಸಿಎನ್‌ಎನ್ ನಿಯಮ ತಿದ್ದಿ ಒಳಗೆ ತಂದಿತು. ಇಲ್ಲೂ ನಡುವೆ ನಿಯಮ ಬದಲಿಸಿದರು, ಆದರೆ ಯಾರನ್ನೂ ತೆಗೆಯದೆ ಒಬ್ಬರನ್ನು ಸೇರಿಸಿದರು. ಕುಸಿನಿಚ್‌ಗೆ ಮಾಡಿದ್ದಕ್ಕೂ ಇದಕ್ಕೂ ಅಜಗಜಾಂತರ.

ಹೊರಗುಳಿದ ಅಭ್ಯರ್ಥಿಗೆ ಬೇರೆ ದಾರಿ ಏನಿದೆ?

ಜಾಹೀರಾತು. ಫೆಡರಲ್ ಸ್ಥಾನಕ್ಕೆ ನಿಂತವರಿಗೆ ವಾಣಿಜ್ಯ ಪ್ರಸಾರ ಕೇಂದ್ರಗಳು ಸಮಂಜಸವಾದಷ್ಟು ಸಮಯ ಮಾರಲೇಬೇಕು, ಜಾಹೀರಾತಿನಲ್ಲಿ ಏನಿದೆ ಅಂತ ಕತ್ತರಿ ಹಾಕುವಂತಿಲ್ಲ. ಪ್ರೈಮರಿಗೆ ಮುಂಚಿನ 45 ದಿನ, ಸಾರ್ವತ್ರಿಕ ಚುನಾವಣೆಗೆ ಮುಂಚಿನ 60 ದಿನ ತಮ್ಮ ಅತಿ ಕಡಿಮೆ ದರವನ್ನೇ ಹಾಕಬೇಕು. ಎದುರಾಳಿ ವಿನಾಯಿತಿ ಇಲ್ಲದ ಕಾರ್ಯಕ್ರಮದಲ್ಲಿ ಬಂದರೆ ಏಳು ದಿನದೊಳಗೆ ಸಮಾನ ಸಮಯ ಕೇಳಬಹುದು. ಆದರೆ ದುಡ್ಡಿಲ್ಲದವನಿಗೆ ಕಡಿಮೆ ದರವೂ ದುಬಾರಿಯೇ.

ಬ್ರಿಟನ್‌ನಲ್ಲಿ ಹೇಗೆ?

ಅಲ್ಲಿ ಚಾನೆಲ್‌ಗಳು ಪಕ್ಷಪಾತ ಮಾಡಬಾರದು ಅನ್ನುವ ಕಟ್ಟುನಿಟ್ಟಿನ ನಿಯಮ ಇದೆ, ಪ್ರಸಾರದ ಮೇಲ್ವಿಚಾರಣೆ ಮಾಡುವ ಆಫ್‌ಕಾಮ್ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ಆದರೂ 2019ರ ನವೆಂಬರ್‌ನಲ್ಲಿ ಐಟಿವಿ ಚಾನೆಲ್ ಪ್ರಧಾನಿ ಬೋರಿಸ್ ಜಾನ್ಸನ್ ಮತ್ತು ಲೇಬರ್ ಪಕ್ಷದ ನಾಯಕ ಕಾರ್ಬಿನ್ ಇಬ್ಬರನ್ನೇ ಕರೆದಾಗ ಲಿಬರಲ್ ಡೆಮಾಕ್ರಟ್ ಮತ್ತು ಸ್ಕಾಟ್ಲೆಂಡ್‌ನ ಎಸ್‌ಎನ್‌ಪಿ ಪಕ್ಷಗಳು ಹೈಕೋರ್ಟಿಗೆ ಹೋಗಿ ಸೋತವು. ಅದೇ ತಿಂಗಳು ಚಾನೆಲ್ 4 ಹವಾಮಾನದ ಬಗ್ಗೆ ಚರ್ಚೆ ಇಟ್ಟಾಗ ಜಾನ್ಸನ್ ಬರಲಿಲ್ಲ. ಅವರ ಜಾಗದಲ್ಲಿ ಕರಗುತ್ತಿರುವ ಹಿಮದ ಗೋಳವೊಂದನ್ನು ಇಟ್ಟರು. ಪಕ್ಷ ಮೈಕಲ್ ಗೋವ್ ಅವರನ್ನು ಕಳಿಸಿದರೂ ಇದು ನಾಯಕರ ಚರ್ಚೆ ಅಂತ ಒಳಗೆ ಬಿಡಲಿಲ್ಲ. ದೂರು ಹೋಯಿತು, ಆಫ್‌ಕಾಮ್ ಒಪ್ಪಲಿಲ್ಲ.

ನಮ್ಮಲ್ಲಿ ಏನಿದೆ?

ಪ್ರಧಾನಿ ಅಭ್ಯರ್ಥಿಗಳು ಎದುರುಬದುರು ನಿಂತು ಟಿವಿಯಲ್ಲಿ ಚರ್ಚಿಸುವ ರೂಢಿಯೇ ನಮ್ಮಲ್ಲಿಲ್ಲ. 2024ರ ಮೇ ತಿಂಗಳಲ್ಲಿ ನಿವೃತ್ತ ನ್ಯಾಯಮೂರ್ತಿಗಳಾದ ಮದನ್ ಲೋಕೂರ್, ಎ.ಪಿ. ಶಾ ಮತ್ತು ಪತ್ರಕರ್ತ ಎನ್. ರಾಮ್ ಅವರು ಮೋದಿ ಮತ್ತು ರಾಹುಲ್ ಗಾಂಧಿ ಇಬ್ಬರನ್ನೂ ಬಹಿರಂಗ ಚರ್ಚೆಗೆ ಕರೆದರು. ರಾಹುಲ್ ಒಪ್ಪಿದರು, ಬಿಜೆಪಿ ತನ್ನ ಯುವ ಮೋರ್ಚಾದ ಒಬ್ಬರ ಹೆಸರು ಸೂಚಿಸಿತು, ಚರ್ಚೆ ನಡೆಯಲಿಲ್ಲ. ಆಕಾಶವಾಣಿ, ದೂರದರ್ಶನದಲ್ಲಿ ಪಕ್ಷಗಳಿಗೆ ಸಿಗುವ ಭಾಷಣದ ಸಮಯ ರಾಷ್ಟ್ರೀಯ ಪಕ್ಷಗಳಿಗೂ ಮಾನ್ಯತೆ ಪಡೆದ ರಾಜ್ಯ ಪಕ್ಷಗಳಿಗೂ ಮಾತ್ರ. ಪಕ್ಷೇತರರಿಗೆ ಅಲ್ಲಿ ಜಾಗ ಇಲ್ಲ. ತರಂಗಗಳು ಸಾರ್ವಜನಿಕ ಆಸ್ತಿ ಅಂತ ನಮ್ಮ ಸುಪ್ರೀಂ ಕೋರ್ಟ್ 1995ರಲ್ಲಿ ಕ್ರಿಕೆಟ್ ಪ್ರಸಾರದ ಕೇಸಿನಲ್ಲಿ ಹೇಳಿದೆ. ಆದ್ದರಿಂದ ಮುಂದೆ ಇಲ್ಲಿ ಇಂಥ ಚರ್ಚೆ ಶುರುವಾದರೆ, ಯಾರನ್ನು ಕರೆದಿರಿ, ಯಾವ ಅಳತೆ ಅನ್ನುವ ಪ್ರಶ್ನೆ ಮೊದಲ ದಿನವೇ ಏಳುತ್ತದೆ.

ನಾನು ಅಮೆರಿಕದಲ್ಲಿ ಮತದಾರ. ನಾನೇನು ಮಾಡಬಹುದು?

ಅಧ್ಯಕ್ಷರ ಚರ್ಚೆಯನ್ನು ಬಿಡಿ, ಅಲ್ಲಿ ನಮ್ಮ ಮಾತು ತಲುಪುವುದು ಕಷ್ಟ. ನಿಮ್ಮ ಊರಿನ ಮೇಯರ್, ಸ್ಕೂಲ್ ಬೋರ್ಡ್, ಸಂಸತ್ ಸ್ಥಾನದ ಚರ್ಚೆಗಳನ್ನು ಸ್ಥಳೀಯ ಟಿವಿ ಕೇಂದ್ರವೋ ಪತ್ರಿಕೆಯೋ ನಡೆಸುತ್ತದೆ. ದಿನಾಂಕ ಪ್ರಕಟವಾದ ಕೂಡಲೇ ಸುದ್ದಿ ವಿಭಾಗಕ್ಕೆ ಇಮೇಲ್ ಮಾಡಿ ಮೂರು ವಿಷಯ ಕೇಳಿ: ಯಾರನ್ನು ಕರೆಯಲು ಏನು ಅಳತೆ, ಅದು ಯಾವತ್ತು ನಿಗದಿಯಾಯಿತು, ಯಾವುದಾದರೂ ಅಭ್ಯರ್ಥಿ ಬರಲಿಕ್ಕೆ ಷರತ್ತು ಹಾಕಿದ್ದಾರಾ. ಮೂರನೆಯದಕ್ಕೆ ಉತ್ತರ ಬರುವುದು ಕಡಿಮೆ, ಆದರೂ ಕೇಳಿ. ಪ್ರತಿ ಪ್ರಸಾರ ಕೇಂದ್ರದ ರಾಜಕೀಯ ಕಡತ ಎಫ್‌ಸಿಸಿ ವೆಬ್‌ಸೈಟ್‌ನಲ್ಲಿ ಸಾರ್ವಜನಿಕರಿಗೆ ತೆರೆದಿದೆ. ಯಾವ ಅಭ್ಯರ್ಥಿ ಸಮಯ ಕೇಳಿದರು, ಎಷ್ಟಕ್ಕೆ ಮಾರಿದರು ಅನ್ನುವುದೆಲ್ಲ ಅಲ್ಲಿ ಸಿಗುತ್ತದೆ. ಕೇಂದ್ರದ ಹೆಸರು ಹಾಕಿ ಹುಡುಕಿದರೆ ಸಾಕು, ಲಾಗಿನ್ ಏನೂ ಬೇಕಾಗಿಲ್ಲ.